ಮುಪ್ಪಿನ ಆರೈಕೆ ಮತ್ತು ಮನೆಯ ರಕ್ಷಣೆ

ಒಂದು ಕಾಲದಲ್ಲಿ ಕನ್ನಡ ಚಿತ್ರಗಳೂ ತಯಾರಾಗುತ್ತಿದ್ದ ಚೆನ್ನೈನ ಕೋಡಂಬಾಕ್ಕಂನಲ್ಲಿ ದುಡಿದು ನೆಲೆಸಿದ ಎಷ್ಟೋ ಹಿರಿಯರಿಗೆ ಮನೆಯೊಂದೇ ಆಸ್ತಿ. ದೀರ್ಘಕಾಲದ ಶುಶ್ರೂಷೆಯ ವೆಚ್ಚಕ್ಕೆ ಅದು ಮಾರಾಟವಾಗಬಹುದು. ಅವಸರದ ದಾನಪತ್ರದಿಂದ ಹಿರಿಯರೇ ಆಸರೆ ಕಳೆದುಕೊಳ್ಳಬಹುದು.

1882ರ ಭಾರತೀಯ ನ್ಯಾಸ ಅಧಿನಿಯಮದ ಮೇರೆಗೆ ಮನೆಯನ್ನು ಟ್ರಸ್ಟಿಗೆ ಒಪ್ಪಿಸಿ, ಬದುಕಿರುವವರೆಗೆ ತಮ್ಮ ವಾಸ, ಬಾಡಿಗೆಯಿಂದ ಆರೈಕೆ, ಅನಂತರ ಸ್ವತ್ತು ಮಕ್ಕಳಿಗೆ ಎಂದು ವಿಧಿಸಲು ಅವಕಾಶವಿದೆ. ಸ್ಥಿರಾಸ್ತಿಯಾದುದರಿಂದ ಇಂತಹ ನ್ಯಾಸಪತ್ರವನ್ನು ನೋಂದಾಯಿಸತಕ್ಕದ್ದು.

ದಾನಪತ್ರವನ್ನೇ ಆರಿಸಿಕೊಳ್ಳುವವರು ಪೋಷಣೆಯ ಷರತ್ತನ್ನು ಅದರಲ್ಲಿ ಸ್ಪಷ್ಟವಾಗಿ ಬರೆಯಿಸಬೇಕು. ಷರತ್ತು ಮುರಿದರೆ, 2007ರ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಅಧಿನಿಯಮದ 23ನೆಯ ಪ್ರಕರಣದಡಿ ನ್ಯಾಯಾಧಿಕರಣವು ವರ್ಗಾವಣೆಯನ್ನು ರದ್ದುಪಡಿಸಬಹುದು. 2025ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಮಗನಿಂದ ಉಪೇಕ್ಷಿತಳಾದ ತಾಯಿಯೊಬ್ಬಳ ದಾನಪತ್ರವನ್ನು ಹೀಗೆಯೇ ರದ್ದುಪಡಿಸಿತು. ಆದುದರಿಂದ ಸಹಿ ಹಾಕುವ ಮುನ್ನ ಹಿರಿಯರು ವಕೀಲರ ಸಲಹೆ ಪಡೆಯುವುದು ಲೇಸು.