ಕಡಲಿಗೆ ಮುಖ, ಕಡಲಿಗೆ ಬೆನ್ನು



ಕಡಲನ್ನು ಕಾಣಬೇಕಾದರೆ ಮುನ್ನೂರು ಕಿಲೋಮೀಟರಿಗೂ ಮೀರಿದ ದಾರಿಯನ್ನು ಸವೆಸಬೇಕಾದ ಊರಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬಯಲಿನಲ್ಲಿ ಬಾಳುವವನು ಕಡಲತೀರದ ಮಾತನ್ನೆತ್ತುವುದು ಕೊಂಚ ಧಾರ್ಷ್ಟ್ಯವೆನಿಸೀತು. ನನ್ನ ವಾಸ ಹಲಸೂರಿನಲ್ಲಿ. ಸಂಜೆಯ ಹೊತ್ತು ಗಾಳಿಸೇವನೆಗೆಂದು ನನಗಿರುವ ತೀರವೆಂದರೆ ಹಲಸೂರು ಕೆರೆಯ ದಂಡೆಯೊಂದೇ. ಆದರೂ ಈ ವಿಷಯವನ್ನು ಆರಿಸಿಕೊಳ್ಳುವುದಕ್ಕೆ ಕಾರಣವಿದೆ. ನಮ್ಮ ದಂಡುಪ್ರದೇಶದ ಜನ, ಅದರಲ್ಲಿಯೂ ತರುಣರು, ಈಚಿನ ವರ್ಷಗಳಲ್ಲಿ ಕಡಲಿನ ಹುಚ್ಚು ಹಿಡಿಸಿಕೊಂಡಿದ್ದಾರೆ.

ಇಂದಿರಾನಗರದ 100 ಅಡಿ ರಸ್ತೆಯಲ್ಲಿ ಒಂದು ಸಂಜೆ ನಡೆದು ನೋಡಿ. ಒಂದು ಕಾಲಕ್ಕೆ ನಿವೃತ್ತ ಅಧಿಕಾರಿಗಳ ಶಾಂತವಾದ ಬಡಾವಣೆಯಾಗಿದ್ದ ಅಲ್ಲಿ ಈಗ ಸಾಲುಸಾಲಾಗಿ ಪಾನಗೃಹಗಳು. ಕೆಲವು ಕಡೆ ಗೋಡೆಗೆ ಮೀನಿನ ಬಲೆ ಇಳಿಬಿಟ್ಟಿರುತ್ತಾರೆ. ಮಾಡಿಗೆ ತೆಂಗಿನ ಗರಿ ಹೊದಿಸಿರುತ್ತಾರೆ. ತಟ್ಟೆಯಲ್ಲಿ ಬಂಗುಡೆ, ಅಂಜಲ್. ಇಲ್ಲದ ಕಡಲನ್ನು ಇದೆಯೆಂದು ನಟಿಸುವ ಈ ಆಟದಿಂದ ತೃಪ್ತಿಯಾಗದವರು ಶುಕ್ರವಾರದ ರಾತ್ರಿ ನಿಜವಾದ ಕಡಲಿಗೇ ಹೊರಡುತ್ತಾರೆ. ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ಲಿನಿಂದ ಮುರುಡೇಶ್ವರಕ್ಕೆ ನೇರವಾಗಿ ರೈಲೇ ಉಂಟು. ನಾನೂ ಒಮ್ಮೆ ಅದನ್ನೇ ಹತ್ತಿದೆ. ಜೊತೆಯ ತರುಣರನ್ನು ಅಲ್ಲಿ ಹೋಗಿ ಏನು ಮಾಡುವಿರೆಂದು ಕೇಳಿದೆ. ಎಲ್ಲರ ಉತ್ತರದ ಸಾರವೂ ಒಂದೇ: ಕಡಲಿಗೆ ಮುಖಮಾಡಿ ಸುಮ್ಮನೆ ಕುಳಿತಿರುವುದು, ಕೈಯಲ್ಲಿ ಒಂದು ಲೋಟ. ಈ ಬಯಕೆಯನ್ನು ನಾನು ಹೀಗಳೆಯಲಾರೆ. ವಾರವೆಲ್ಲ ಗಾಜಿನ ಕಟ್ಟಡದಲ್ಲಿ ದುಡಿದವನಿಗೆ ಅಂಚಿಲ್ಲದ ಒಂದು ಬಯಲು ಬೇಕೆನಿಸುವುದು ಸಹಜ.

ಮುರುಡೇಶ್ವರದಿಂದ ಉತ್ತರಕ್ಕೆ ಗೋಕರ್ಣಕ್ಕೆ ಹೋದೆ. ಗೋಕರ್ಣದ ತೀರಗಳನ್ನು ವಾಹನದಲ್ಲಿ ನೋಡಬಾರದು, ನಡೆದೇ ನೋಡಬೇಕು. ದೇವಸ್ಥಾನದ ಬಳಿಯ ದೊಡ್ಡ ತೀರದಿಂದ ದಕ್ಷಿಣಕ್ಕೆ ಹೊರಟರೆ ಒಂದು ಗುಡ್ಡ, ಇಳಿದರೆ ಕುಡ್ಲೆ. ಮತ್ತೊಂದು ಗುಡ್ಡ, ಇಳಿದರೆ ಎರಡು ಬಾಗುಗಳು ಕೂಡಿ ಪ್ರಣವಾಕ್ಷರದಂತೆ ಕಾಣುವ ಓಂ ತೀರ. ಅದರಾಚೆ ಅರ್ಧಚಂದ್ರ, ಅದಕ್ಕೂ ಆಚೆ ಪ್ಯಾರಡೈಸ್. ಎರಡು ತೀರಗಳ ನಡುವೆ ಮುರಕಲ್ಲಿನ ದಿಬ್ಬವೊಂದು ಕಡಲಿಗೆ ಚಾಚಿಕೊಂಡಿರುವುದರಿಂದ ಒಂದರಲ್ಲಿ ನಿಂತವನಿಗೆ ಇನ್ನೊಂದು ಕಾಣದು. ಯಾತ್ರಿಕರ ಊರಾಗಿದ್ದ ಇಲ್ಲಿಗೆ ಮೊದಲು ಗೋವೆಯ ಗದ್ದಲ ಸಾಕಾದ ವಿದೇಶೀಯರು ಬಂದರು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆದ ಮೇಲೆ ನಮ್ಮವರ ಸಂಖ್ಯೆಯೂ ಏರಿತು. ಮರಳಿನ ಅಂಚಿಗೆ ಉಪಾಹಾರದ ಗುಡಿಸಲುಗಳು ಎದ್ದವು. ಅವುಗಳ ಕುರ್ಚಿಗಳೆಲ್ಲ ಪಡುವಣಕ್ಕೆ ತಿರುಗಿವೆ. ಸೂರ್ಯ ಮುಳುಗುವ ಹೊತ್ತಿಗೆ ಅಲ್ಲಿ ಮಾತು ನಿಲ್ಲುತ್ತದೆ. ಹತ್ತಿರದ ಕಾರವಾರದಲ್ಲಿ 1883ರ ಸುಮಾರಿಗೆ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದಿದ್ದ ತರುಣ ರವೀಂದ್ರನಾಥ ಠಾಕೂರರು ಇದೇ ಕಡಲನ್ನು ಕಂಡು ತಮ್ಮ ನಾಟಕವೊಂದನ್ನು ರಚಿಸಿದರು. ಕಾರವಾರದ ತೀರ ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಎಂದಮೇಲೆ ಸುಮ್ಮನೆ ಕುಳಿತು ಕಡಲು ನೋಡುವುದು ಸೋಮಾರಿತನವೆಂದು ಯಾರೂ ಹೇಳುವಂತಿಲ್ಲ.

ಅಲ್ಲಿಂದ ದಕ್ಷಿಣಕ್ಕೆ ಬಂದು ಮಲ್ಪೆಯ ಆಸುಪಾಸಿನಲ್ಲಿ ಎರಡು ದಿನ ಕಳೆದೆ. ಆ ಸೀಮೆಯಲ್ಲಿ ಹೆಂಡದಂಗಡಿಗೆ ಗಡಂಗು ಎಂಬ ಹಳೆಯ ಹೆಸರುಂಟು. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾದ ಮೇಲೆ ಹಳೆಯ ಗಡಂಗುಗಳ ಕಾಲ ಬಹುಮಟ್ಟಿಗೆ ಮುಗಿಯಿತು. ಆದರೂ ತೆಂಗು ತಾಳೆಗಳಿಂದ ಶೇಂದಿ ಇಳಿಸುವ ಮೂರ್ತೆದಾರರ ಕಸುಬು ಕರಾವಳಿಯಲ್ಲಿ ಉಳಿದುಬಂದಿದೆ. ಬೆಳಗ್ಗೆ ಇಳಿಸಿದಾಗ ಸಿಹಿಯಾಗಿರುವ ರಸ ಸಂಜೆಯಾಗುವುದರೊಳಗೆ ತಾನಾಗಿಯೇ ಹುಳಿತು ಮತ್ತೇರಿಸುತ್ತದೆ. ಅಂಥದೊಂದು ಅಂಗಡಿಯಲ್ಲಿ ನನ್ನ ಕಣ್ಣಿಗೆ ಬಿದ್ದ ಸಂಗತಿ ಇದು: ಕಡಲು ಕೂಗಳತೆಯ ದೂರದಲ್ಲಿತ್ತು; ಆದರೆ ಅಂಗಡಿಗೆ ಆ ಕಡೆ ಒಂದು ಕಿಟಕಿಯೂ ಇರಲಿಲ್ಲ. ಬಾಗಿಲು ಓಣಿಗೆ, ಬೆಂಚು ಗೋಡೆಗೆ. ಕುಳಿತಿದ್ದವರೆಲ್ಲ ದೋಣಿಯಿಂದ ಇಳಿದು ಬಂದವರು. ಅವರಲ್ಲೊಬ್ಬ ಮುದುಕನನ್ನು ಕಾರಣ ಕೇಳಿದೆ. ಹಗಲಿರುಳು ಅದರ ಮುಖವನ್ನೇ ನೋಡಿ ಬಂದವನಿಗೆ ಇಲ್ಲಿಯೂ ಅದೇ ಬೇಕೇ ಎಂಬಂತೆ ಆತ ನಕ್ಕ.

ಆ ನಗೆಯಿಂದ ನನಗೆ ಒಂದು ವಿಷಯ ಹೊಳೆಯಿತು. ಕಡಲಿಗೆ ಬೆನ್ನು ಮಾಡಿ ಕುಡಿಯುವವನಿಗೆ ಕಡಲು ಗೊತ್ತು. ಮುಖ ಮಾಡಿ ಕುಡಿಯುವ ನಮಗೆ ಗೊತ್ತಿಲ್ಲ. ನಮಗೆ ಅದು ನೋಟ. ಅವನಿಗೆ ಅದು ಹೊಲ. ತೀರದ ಮರಳು ಆ ಹೊಲದ ಕಣ. ಹಿಂದೆ ರಂಪಣಿ ಬಲೆಯನ್ನು ಎಳೆಯುತ್ತಿದ್ದ ಕಾಲದಲ್ಲಿ ದೋಣಿಯೊಂದು ಬಲೆಯನ್ನು ಕಡಲೊಳಗೆ ಅರ್ಧವರ್ತುಲವಾಗಿ ಬಿಡುತ್ತ ಬರುತ್ತಿತ್ತು. ಬಳಿಕ ದಡದಲ್ಲಿ ಎರಡೂ ತುದಿಗಳನ್ನು ಹಿಡಿದು ಊರಿಗೆ ಊರೇ ಜಗ್ಗುತ್ತಿತ್ತು. ಅದಕ್ಕೆ ಬೇಕಾದುದು ಅಡ್ಡಿಯಿಲ್ಲದ ಉದ್ದನೆಯ ಮರಳು. 1970ರ ದಶಕದಲ್ಲಿ ಯಂತ್ರದೋಣಿಗಳೂ ಪರ್ಸೀನ್ ಬಲೆಗಳೂ ಬಂದು ರಂಪಣಿ ಹಿಂದೆ ಸರಿಯಿತು. ಆದರೂ ದೋಣಿ ಎಳೆದಿಡಲು, ಬಲೆ ಹೆಣೆಯಲು, ಮೀನು ಒಣಗಿಸಲು ಮರಳು ಇಂದಿಗೂ ಬೇಕು. ಒಣಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು ದೂರು ಹೇಳುವ ಪ್ರವಾಸಿ ತಾನು ಇನ್ನೊಬ್ಬರ ಕಣದಲ್ಲಿ ಕುರ್ಚಿ ಹಾಕಿಕೊಂಡಿರುವುದನ್ನು ಮರೆತಿರುತ್ತಾನೆ.

ಈ ಕಣವನ್ನು ಕಾಯಲು ಕಾನೂನೂ ಉಂಟು. 1991ರ ಫೆಬ್ರವರಿಯಲ್ಲಿ ಹೊರಬಿದ್ದ ಅಧಿಸೂಚನೆ ಉಬ್ಬರದ ರೇಖೆಯಿಂದ 500 ಮೀಟರ್ ಒಳನಾಡಿನವರೆಗಿನ ನೆಲವನ್ನು ನಿಯಂತ್ರಣ ವಲಯವೆಂದು ಸಾರಿತು. ಗ್ರಾಮೀಣ ತೀರಗಳಲ್ಲಿ ಮೊದಲ 200 ಮೀಟರಿನೊಳಗೆ ಹೊಸ ಕಟ್ಟಡ ಕೂಡದೆಂದಿತು. 2019ರ ಹೊಸ ಅಧಿಸೂಚನೆ ಜನದಟ್ಟಣೆಯ ಗ್ರಾಮಗಳಲ್ಲಿ ಈ 200ನ್ನು 50ಕ್ಕೆ ಇಳಿಸಿತು. ಇಂದಿರಾನಗರದವರಿಗೆ 500 ಮೀಟರ್ ಎಂಬ ಅಂಕಿ ಬೇರೆ ಕಾರಣದಿಂದ ನೆನಪಿದ್ದೀತು. ಹೆದ್ದಾರಿಯಿಂದ ಅಷ್ಟು ದೂರದೊಳಗೆ ಮದ್ಯ ಮಾರಕೂಡದೆಂಬ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಿಂದಾಗಿ 2017ರ ಜುಲೈಯಲ್ಲಿ ಅಲ್ಲಿಯೂ ಮಹಾತ್ಮ ಗಾಂಧಿ ರಸ್ತೆಯ ಸುತ್ತಲೂ ಅನೇಕ ಪಾನಗೃಹಗಳು ಕೆಲವು ಕಾಲ ಬಾಗಿಲು ಹಾಕಿದ್ದವು. ಊರೆಲ್ಲ ಆಗ ಟೇಪು ಹಿಡಿದು ಮೀಟರುಗಳನ್ನು ಚರ್ಚಿಸಿತು. ಕಡಲಿನ ಅಂಚಿನ ಮೀಟರುಗಳು 200ರಿಂದ 50ಕ್ಕೆ ಇಳಿದಾಗ ನಮ್ಮಲ್ಲಿ ಅಂಥ ಚರ್ಚೆ ಏಳಲಿಲ್ಲ. ಮರಳಿನ ಅಂಚಿನಲ್ಲಿ ಉರಿಯುವ ಒಂದು ದೀಪಕ್ಕೂ ಬೆಲೆಯುಂಟೆಂದು ನಮಗೆ ಹೇಳಿದವರಿಲ್ಲ. ಉತ್ತರ ಕನ್ನಡದ ತೀರಗಳಿಗೆ ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಮೊಟ್ಟೆಯೊಡೆದ ಮರಿ ಬೆಳಕು ಹೆಚ್ಚಾಗಿ ಕಾಣುವ ದಿಕ್ಕಿಗೆ ಹರಿಯುತ್ತದೆ. ಕತ್ತಲ ರಾತ್ರಿಯಲ್ಲಿ ಆ ಬೆಳಕು ಕಡಲಿನದು. ಪಾನಗೃಹದ ದೀಪಗಳು ಉರಿಯುತ್ತಿದ್ದರೆ ಮರಿ ಅತ್ತಲೇ ಹೊರಟು ಹಾದಿತಪ್ಪಿ ಸಾಯುತ್ತದೆ.

ಕಡಲನ್ನು ಅರಿಯದಿರುವುದರಿಂದ ಮನುಷ್ಯರಿಗೂ ಹಾನಿಯುಂಟು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಶಾಲಾಪ್ರವಾಸ ಬಂದಿದ್ದ ಮುಳಬಾಗಿಲು ತಾಲ್ಲೂಕಿನ ನಾಲ್ವರು ಬಾಲಕಿಯರು ಕಡಲಿನ ಪಾಲಾದರು. ನಮ್ಮ ಹಲಸೂರಿನಿಂದ ಹಳೆಯ ಮದರಾಸು ರಸ್ತೆಯನ್ನು ಹಿಡಿದು ಕೃಷ್ಣರಾಜಪುರ ದಾಟಿ ಕೋಲಾರದ ಮೇಲೆ ಹೋದರೆ ಸಿಗುವ ಸೀಮೆ ಅದು. ನಮ್ಮಂತೆಯೇ ಕೆರೆಗಳನ್ನಷ್ಟೇ ಕಂಡ ಬಯಲುಸೀಮೆ. ಆ ಮಕ್ಕಳು ಕುಡಿದವರಲ್ಲ, ಉದ್ಧಟರಲ್ಲ. ಕಡಲಿನ ಗುಣ ತಿಳಿಯದವರು, ಅಷ್ಟೇ. ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಿರುಗಲೇಬೇಕು. ಮರಳಿನ ದಿಣ್ಣೆಗಳ ನಡುವೆ ಎಲ್ಲಿಯಾದರೂ ತಗ್ಗಿದ್ದರೆ ಅದು ಅಲ್ಲಿ ಕೂಡಿಕೊಂಡು ಕಾಲುವೆಯಂತೆ ಒಳಕ್ಕೆ ಧಾವಿಸುತ್ತದೆ. ಅಲೆ ಒಡೆಯದೆ ನೊರೆಯಿಲ್ಲದೆ ಶಾಂತವಾಗಿ ಕಾಣುವ ಆ ಪಟ್ಟಿಯೇ ಅತ್ಯಂತ ಅಪಾಯದ್ದು. ಹೊಸಬನು ಅದನ್ನೇ ಸುರಕ್ಷಿತವೆಂದು ನಂಬಿ ಇಳಿಯುತ್ತಾನೆ. ಸೆಳೆತಕ್ಕೆ ಸಿಕ್ಕಿ ನೇರವಾಗಿ ದಡಕ್ಕೆ ಎದುರೀಜಿ ದಣಿಯುತ್ತಾನೆ. ದಡಕ್ಕೆ ಸಮಾನಾಂತರವಾಗಿ ಈಜಿದರೆ ಸೆಳೆತದ ಪಟ್ಟಿಯಿಂದ ಹೊರಬರಬಹುದು. ಮೀನುಗಾರರ ಮಕ್ಕಳಿಗೆ ಇದು ಆಡುತ್ತಾಡುತ್ತ ತಿಳಿಯುವ ವಿಷಯ. ಕುಡಿದ ಮತ್ತಿನಲ್ಲಿ ರಾತ್ರಿ ನೀರಿಗಿಳಿಯುವ ನಮ್ಮ ತರುಣನಿಗೆ ಲೋಟ ತಂದಿಟ್ಟ ಅಂಗಡಿಯಲ್ಲಿ ಇದನ್ನು ಹೇಳುವವರು ನನಗೆ ಕಾಣಲಿಲ್ಲ.

ಹಿಂದಿರುಗಿದ ಸಂಜೆ ನಮ್ಮ ಕೆರೆಯ ದಂಡೆಗೆ ಹೋದೆ. ನಡುಗಡ್ಡೆಗಳ ಮೇಲೆ ಕೊಕ್ಕರೆಗಳು ಕುಳಿತಿದ್ದವು. ಕಡಲನ್ನು ಅರಿಯದ ನಾವು ನಮ್ಮ ಈ ನೀರನ್ನಾದರೂ ಅರಿತಿದ್ದೇವೆಯೇ ಎಂದು ಯೋಚಿಸಿದೆ. ಹಲಸೂರಿನ ಓಣಿಗಳೂ ಕೆರೆಗೆ ಬೆನ್ನು ಮಾಡಿಯೇ ನಿಂತಿವೆ. ಆದರೆ ಮಲ್ಪೆಯ ಗಡಂಗಿನ ಹಾಗೆ ಬಳಕೆಯ ಸಲಿಗೆಯಿಂದಲ್ಲ, ಮರೆವಿನಿಂದ. ಚರಂಡಿಯ ನೀರು ಸೇರಿ ಸೇರಿ, 2016ರ ಮಾರ್ಚಿಯಲ್ಲಿ ಒಂದು ಬೆಳಗ್ಗೆ ಈ ಕೆರೆಯ ಮೀನುಗಳು ಸಾವಿರಗಟ್ಟಲೆ ಸತ್ತು ತೇಲಿದವು. ಇಲ್ಲಿಂದ ಹೊರಡುವ ನೀರು ಬೆಳ್ಳಂದೂರಿಗೆ ಹೋಗುತ್ತದೆ. 2017ರಲ್ಲಿಯೂ 2018ರಲ್ಲಿಯೂ ಬೆಂಕಿ ಹತ್ತಿ ಉರಿದ ಕೆರೆ ಅದು. ಅಲ್ಲಿಂದ ವರ್ತೂರು, ಅಲ್ಲಿಂದ ದಕ್ಷಿಣ ಪಿನಾಕಿನಿ. ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯದಲ್ಲಿ ನೊರೆಯಾಗಿ ಎದ್ದು, ತಮಿಳುನಾಡನ್ನು ಹಾದು, ಕಡಲೂರಿನ ಹತ್ತಿರ ಬಂಗಾಳ ಕೊಲ್ಲಿಯನ್ನು ಸೇರುತ್ತದೆ.

ಕಡಲನ್ನು ಹುಡುಕಿಕೊಂಡು ನಾವು ಪಶ್ಚಿಮಕ್ಕೆ ಹೋಗುತ್ತೇವೆ. ನಮ್ಮ ಮನೆಯ ಬಚ್ಚಲ ನೀರು, ಪಾನಗೃಹಗಳ ಲೋಟ ತೊಳೆದ ನೀರು ಯಾರನ್ನೂ ಕೇಳದೆ ಪೂರ್ವದ ಕಡಲಿಗೆ ಹೊರಟಿರುತ್ತದೆ. ಅಲ್ಲಿಯೂ ಒಂದು ತೀರವಿದೆ. ಅಲ್ಲಿಯೂ ಬಲೆ ಹೆಣೆಯುವವರಿದ್ದಾರೆ. ಹಾಗೆ ನೋಡಿದರೆ ದಂಡಿನವರಾದ ನಾವು ಕಡಲಿಲ್ಲದ ಊರಿನವರಲ್ಲ. ನಮ್ಮ ತೀರ ಕೊಂಚ ದೂರದಲ್ಲಿದೆ, ಅಷ್ಟೇ.

ಆದ್ದರಿಂದ ಕಡಲಿಗೆ ಹೋಗಬೇಡಿರೆಂದು ನಾನು ಹೇಳಲಾರೆ. ಹೋಗಿ; ಕುರ್ಚಿಯನ್ನು ಪಡುವಣಕ್ಕೆ ತಿರುಗಿಸಿಕೊಂಡು ಕುಳಿತುಕೊಳ್ಳಿ. ಆದರೆ ನೀರಿಗಿಳಿಯುವ ಮೊದಲು ದೋಣಿಯ ಬಳಿ ನಿಂತವನನ್ನು ಇಂದು ಸೆಳೆತ ಎಲ್ಲಿದೆಯೆಂದು ಕೇಳಿ. ಬಲೆಗೆ ದಾರಿ ಬಿಡಿ. ಹಿಂದಿರುಗಿದ ಮೇಲೆ ಒಂದು ಸಂಜೆ ಹಲಸೂರು ಕೆರೆಯ ದಂಡೆಗೂ ಬನ್ನಿ. ಅಲ್ಲಿ ಕುರ್ಚಿಗೆ ಹಣ ಕೊಡಬೇಕಾಗಿಲ್ಲ. ಆ ನೀರು ಮುಂದೆ ಎಲ್ಲಿಗೆ ಹೋಗುತ್ತದೆಂಬುದನ್ನು ನೆನೆದು ಕೊಂಚ ಹೊತ್ತು ಅದಕ್ಕೂ ಮುಖ ಮಾಡಿ ಕುಳಿತುಕೊಳ್ಳಿ.