ಹೆಗಲಿನ ಲೆಕ್ಕ

(ಇಳಕಲ್ಲಿನಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ಈ ಸಭೆಗೆ ಬರಲು ಹದಿನೆಂಟು ಮೆಟ್ಟಿಲು ಹತ್ತಬೇಕು. ನೀವು ಎಣಿಸಿರಲಿಕ್ಕಿಲ್ಲ. ನಾವು ಎಣಿಸಿದೆವು. ಯಾಕಂದ್ರ ನಮ್ಮ ಮನೆಯವರಿಗೆ ಎಲ್ಲಿ ಹೋದರೂ ಮೆಟ್ಟಿಲು ಎಣಿಸುವ ರೂಢಿ ಬಿದ್ದಿದೆ. ಇಷ್ಟು ಮೆಟ್ಟಿಲು ಅಂದ್ರ ತಂಗಿ ಬರುವುದಿಲ್ಲ. ತಂಗಿ ಬರದಿದ್ದರೆ ಅಕ್ಕನೂ ಬರುವುದಿಲ್ಲ. ಸಭೆ ಕರೆದವರು ನಾವೇ, ಜಾಗ ಗೊತ್ತು ಮಾಡಿದವರೂ ನಾವೇ. ಅದಕ್ಕೆ ಮೊದಲು ನಮ್ಮ ತಪ್ಪು ಒಪ್ಪಿಕೊಂಡು ಮಾತು ಶುರು ಮಾಡುತ್ತೇವೆ.

ಹುನಗುಂದದ ಕಡೆಯ ಒಂದು ಕೇರಿಯಲ್ಲಿ ನಮ್ಮ ಮನೆ. ಅಪ್ಪ ಇಳಕಲ್ಲಿನ ಕೆಂಪು ಗ್ರಾನೈಟ್ ಕ್ವಾರಿಯಲ್ಲಿ ದುಡಿದವ. ಅವ್ವ ಹೊಲದ ಕೂಲಿ. ಮಕ್ಕಳು ಮೂವರು. ಕೊನೆಯವಳಿಗೆ ಸೆರೆಬ್ರಲ್ ಪಾಲ್ಸಿ, ಅಂದ್ರ ಮಿದುಳಿನ ಪಾರ್ಶ್ವವಾಯು. ಕೈಕಾಲು ಸೆಟೆದುಕೊಳ್ಳುತ್ತವೆ, ಕುತ್ತಿಗೆ ನಿಲ್ಲುವುದಿಲ್ಲ, ಮಾತು ನಿಧಾನ. ಆದರೆ ಅವಳಿಗೆ ತಿಳಿಯದ್ದು ಏನೂ ಇಲ್ಲ. ಮನೆಯಲ್ಲಿ ಯಾರು ಸುಳ್ಳು ಹೇಳಿದರೂ ಮೊದಲು ನಗುವವಳು ಅವಳೇ.

ಅವ್ವ ಕೂಲಿಗೆ ಹೋದ್ರ ಒಲಿ ಉರೀತದ. ಮನ್ಯಾಗ ಕುಂತ್ರ ತಂಗಿ ಉಣ್ತಾಳ. ಎರಡೂ ಆಗಬೇಕಂದ್ರ ಯಾರಾದ್ರೂ ಒಬ್ರು ಶಾಲಿ ಬಿಡಬೇಕಿತ್ತು. ಏಳನೇ ಇಯತ್ತೆಗೆ ಅಕ್ಕ ಬಿಟ್ಟಳು. ನಾವು ಬಿಡಲಿಲ್ಲ. ನಾವು ಗಂಡುಮಗ. ನಮಗೆ ಹಾಸ್ಟೆಲ್ ಸಿಕ್ಕಿತು, ಬಿ.ಎ. ಆಯಿತು.

ಅಕ್ಕನ ದಿನ ಹೇಗಿದೆ ಕೇಳ್ರಿ. ನಸುಕಿನಾಗ ತಂಗಿಯನ್ನ ಎತ್ತಿ ಬಯಲಿಗೆ ಒಯ್ಯಬೇಕು. ತೊಳೀಬೇಕು. ರೊಟ್ಟಿ ಸಾರಿನಾಗ ನೆನಸಿ, ನುರಿದು, ತಲಿ ಹಿಡಿದು ಉಣಿಸಬೇಕು. ಅವಸರ ಮಾಡಿದ್ರ ತುತ್ತು ಗಂಟಲಿಗೆ ಸಿಗತದ, ಅದಕ್ಕ ಒಂದೊಂದು ಊಟಕ್ಕ ಮುಕ್ಕಾಲು ತಾಸು. ಸೆಟೆದ ಕಾಲು ನೀವಿ ಸಡಿಲ ಮಾಡಬೇಕು. ತಿಂಗಳ ಬಟ್ಟೆ ಬದಲಿಸಬೇಕು. ಒಂದೇ ಮಗ್ಗಲಿಗೆ ಮಲಗಿದ್ರ ಹುಣ್ಣಾಗತಾವಂತ ರಾತ್ರಿ ಎದ್ದೆದ್ದು ಹೊರಳಿಸಬೇಕು. ಮಗು ದಿನದಿನಕ್ಕೂ ದೊಡ್ಡದಾಯಿತು. ಅಕ್ಕನ ನಡ ದಿನದಿನಕ್ಕೂ ಬಾಗಿತು. ಎರಡು ಸಲ ಗಂಡು ನೋಡಲು ಬಂದರು. ‘ಈಕೀನ್ನ ಯಾರು ನೋಡ್ತಾರ?’ ಅಂತ ಅಕ್ಕನೇ ಒಲ್ಲೆ ಅಂದಳು.

ಇದಕ್ಕೆ ಕೂಲಿ ಇಲ್ಲ, ರಜೆ ಇಲ್ಲ, ಹೆಸರೂ ಇಲ್ಲ. ನಾವು ಹಾಸ್ಟೆಲಿನಲ್ಲಿ ಕೂತು ಜೀತದ ಮೇಲೆ ಕವಿತೆ ಬರೆದೆವು, ಕೆರೆಯ ನೀರಿನ ಮೇಲೆ ಬರೆದೆವು. ಅಕ್ಕನ ಮೇಲೆ ಒಂದು ಸಾಲೂ ಬರೆಯಲಿಲ್ಲ.

ಊರಿನವರು ಏನಂತಾರೆ? ‘ಹಿಂದಿನ ಜನ್ಮದ ಕರ್ಮ.’ ಗೆಳೆಯರೇ, ಈ ಮಾತು ನಮಗೆ ಹೊಸದೇನು? ನಮ್ಮನ್ನು ಊರ ಹೊರಗೆ ಇಟ್ಟಾಗಲೂ ಇದೇ ಕರ್ಮದ ಕತೆ ಹೇಳಿದರು. ನಮ್ಮ ಹುಟ್ಟಿಗೆ ಆ ಕತೆ ಸುಳ್ಳಾದರೆ ತಂಗಿಯ ಹುಟ್ಟಿಗೂ ಸುಳ್ಳೇ ಆಗಬೇಕು. ಹೆರಿಗೆ ಹೊತ್ತಿನಲ್ಲಿ ಕೂಸಿನ ಮಿದುಳಿಗೆ ಉಸಿರು ಸಾಲದೆ ಹೋದರೂ ಹೀಗಾಗುತ್ತದೆ. ಅವ್ವ ನೋವು ತಿನ್ನುತ್ತ ಒಂದು ರಾತ್ರಿ ಗಾಡಿಗಾಗಿ ಕಾದಳು. ಇದರಲ್ಲಿ ಕರ್ಮ ಯಾರದು?

2011ರ ಜನಗಣತಿಯಂತೆ ದೇಶದಲ್ಲಿ ಅಂಗವಿಕಲರು 2.68 ಕೋಟಿ. ಒಟ್ಟು ಜನರಲ್ಲಿ ಶೇ. 2.21. ಪರಿಶಿಷ್ಟ ಜಾತಿಗಳಲ್ಲಿ ಶೇ. 2.45. ಅಂಗವೈಕಲ್ಯಕ್ಕೂ ನಮ್ಮ ಕೇರಿಯ ದಾರಿ ಚೆನ್ನಾಗಿ ಗೊತ್ತು.

ಒಂದು ವರ್ಷ ಬಾದಾಮಿಯ ಬನಶಂಕರಿ ಜಾತ್ರೆಗೆ ತಂಗಿಯನ್ನು ಕರೆದೊಯ್ದೆವು. ನೆರಳಿಗೆ ಕೂರಿಸಿ ನೀರು ತರಲು ಹೋಗಿ ಬರುವುದರೊಳಗೆ ಯಾರೋ ಪುಣ್ಯಾತ್ಮರು ಅವಳ ಮಡಿಲಿಗೆ ಐದು ರೂಪಾಯಿ ಒಗೆದು ಹೋಗಿದ್ದರು. ಅವಳು ಸೆಟೆದ ಕೈಯಿಂದ ಆ ನಾಣ್ಯ ಕೆಳಗೆ ಕೆಡವಲು ಒದ್ದಾಡುತ್ತಿದ್ದಳು. ನಮ್ಮ ಮನೆಯಲ್ಲಿ ನಡೆದ ಮೊದಲ ಚಳುವಳಿ ಅದು. ಮಾಡಿದವಳು ತಂಗಿ.

ಕರುಣೆ ಬೇಡ ಅಂದಮೇಲೆ ಹೆಸರಿನ ಮಾತೂ ಆಡಬೇಕು. ನಮ್ಮನ್ನು ‘ಹರಿಜನ’ ಅಂದರು, ಕೇರಿ ಹಾಗೇ ಇತ್ತು. 2015ರ ಡಿಸೆಂಬರಿನಲ್ಲಿ ಪ್ರಧಾನಿ ಮೋದಿಯವರು ಅಂಗವಿಕಲರನ್ನು ‘ದಿವ್ಯಾಂಗ’ ಅನ್ನೋಣ ಅಂದರು. ಮೆಟ್ಟಿಲು ಹಾಗೇ ಇವೆ. ಆದರೆ ನಾವೇನು ಕಡಿಮೆ? ‘ಕುರುಡು ಸರಕಾರಕ್ಕೆ ಧಿಕ್ಕಾರ, ಕಿವುಡು ಸರಕಾರಕ್ಕೆ ಧಿಕ್ಕಾರ’ ಅಂತ ಕೂಗಿದ್ದೇವೆ. ಸರಕಾರಕ್ಕೆ ಕಣ್ಣೂ ಇದೆ, ಕಿವಿಯೂ ಇದೆ. ಬೇಕಂತಲೇ ನೋಡುವುದಿಲ್ಲ. ಅದಕ್ಕೆ ಕಣ್ಣು ಕಾಣದ ನಮ್ಮ ಅಣ್ಣತಮ್ಮಂದಿರ ಹೆಸರು ಯಾಕೆ? ಜಾತಿಯ ಹೆಸರನ್ನು ಬೈಗುಳ ಮಾಡಿದರೆ ಸಿಡಿಯುವ ನಾವು ಈ ಬೈಗುಳ ಬಿಡಬೇಕು.

ಸರ್ಟಿಫಿಕೇಟಿಗಾಗಿ ಒಂದು ಕಚೇರಿಗೆ ಮೂರು ಸಲ ಹೋದೆವು. ತಂಗಿಯನ್ನು ಬಸ್ಸಿಗೆ ಹತ್ತಿಸುವಾಗ ಹಿಂದಿನವರು ‘ಲಗೂ ಲಗೂ’ ಅಂದರು. ಒಮ್ಮೆ ಸಾಹೇಬರಿರಲಿಲ್ಲ, ಒಮ್ಮೆ ಕರೆಂಟಿರಲಿಲ್ಲ. ಮೂರನೇ ಸಲ, ‘ಹುಡುಗಿ ಕಡೆ ಸಹಿ ಮಾಡಸ್ರಿ’ ಅಂದರು. ಬೆರಳು ಬಿಡಿಸಲು ಬಾರದವಳ ಕಡೆ ಸಹಿ! ಅಕ್ಕ ಜಗಳಾಡಲಿಲ್ಲ, ಅಲ್ಲಿಂದ ಏಳಲೂ ಇಲ್ಲ. ತಂಗಿಯನ್ನು ತೊಡೆ ಮೇಲೆ ಹಾಕಿಕೊಂಡು ಬಾಗಿಲಲ್ಲೇ ಕುಂತಳು. ಸಂಜೆಗೆ ಹೆಬ್ಬೆರಳು ಒತ್ತಿಸಿಕೊಂಡರು. ಓದಿದ ನಾವು ಆ ಹೊತ್ತು ಹೊರಗೆ ಚಹದಂಗಡಿಯಲ್ಲಿದ್ದೆವು. ನಾಚಿಕೆಯಾಗಿತ್ತು, ಅದಕ್ಕೆ.

ಕಾಯ್ದೆ ನಮ್ಮ ಕಡೆ ಇದೆ. 1995ರ ಕಾಯ್ದೆ ಇತ್ತು. ಅದರ ಜಾಗಕ್ಕೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂತು. 7 ಬಗೆಯ ಅಂಗವೈಕಲ್ಯ ಇದ್ದದ್ದು 21 ಆಯಿತು. ಶೇ. 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ ಇದ್ದವರಿಗೆ ಸರಕಾರಿ ನೌಕರಿಯಲ್ಲಿ ಶೇ. 4, ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣದಲ್ಲಿ ಶೇ. 5 ಮೀಸಲಾತಿ. 6ರಿಂದ 18 ವಯಸ್ಸಿನವರೆಗೆ ಉಚಿತ ಶಿಕ್ಷಣ. ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತು 24ನೇ ಕಲಮಿನಲ್ಲಿದೆ. 2024-25ರ ರಾಜ್ಯ ಬಜೆಟ್ಟಿನಲ್ಲಿ ಸೆರೆಬ್ರಲ್ ಪಾಲ್ಸಿಯಂಥ ಸ್ಥಿತಿಯವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿದರು. ಸಾವಿರಕ್ಕೆ ಅಕ್ಕನ ನಡ ನೆಟ್ಟಗಾಗುವುದಿಲ್ಲ. ಆದರೆ ಅಕ್ಕ ಮಾಡುತ್ತಿರುವುದು ದುಡಿಮೆ ಅಂತ ಸರಕಾರ ಬಾಯಿಬಿಟ್ಟು ಹೇಳಿದಂತಾಯಿತು. ಆ ಬಾಯಿಮಾತನ್ನು ಕೇರಿಕೇರಿಗೂ ಕೈಗೆ ಬರುವಂತೆ ಮಾಡುವುದು ನಮ್ಮ ಕೆಲಸ.

ನಮ್ಮ ಹಾಸ್ಟೆಲುಗಳ ಗೋಡೆಯ ಮೇಲೆ ಬಾಬಾಸಾಹೇಬರು ನೆಟ್ಟಗೆ ನಿಂತಿದ್ದಾರೆ. ಅದು ಸರಿ. ಆದರೆ ಕಡೆಯ ವರ್ಷಗಳಲ್ಲಿ ಅವರಿಗೆ ಸಕ್ಕರೆ ಕಾಯಿಲೆ, ಕಾಲುನೋವು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರ ಮುಂದೆ ಅವರು ಎದ್ದು ನಿಂತಾಗ ಒಂದು ಕೈಯಲ್ಲಿ ಕೋಲಿತ್ತು, ಇನ್ನೊಂದು ಕೈ ಕಾರ್ಯದರ್ಶಿ ನಾನಕ್ ಚಂದ್ ರತ್ತು ಅವರ ಹೆಗಲ ಮೇಲಿತ್ತು. ಧರ್ಮದ ಚಕ್ರ ತಿರುಗಿಸಿದ ದಿನವೂ ಆ ಮನುಷ್ಯನಿಗೆ ಒಂದು ಹೆಗಲು ಬೇಕಾಗಿತ್ತು. ಹೆಗಲು ಬೇಕಾಗುವುದು ಅವಮಾನವಲ್ಲ. ಹೆಗಲು ಕೊಟ್ಟವರನ್ನು ಮರೆಯುವುದು ಅವಮಾನ.

ಇದನ್ನು ಅಕ್ಕನಿಗೆ ಹೇಳಿದೆವು. ಅಕ್ಕ ತಂಗಿಯ ತಲೆ ಬಾಚುತ್ತಿದ್ದಳು. ಬಾಚಣಿಗೆ ನಿಲ್ಲಿಸದೆ ಕೇಳಿದಳು: ‘ಆ ಹೆಗಲು ಕೊಟ್ಟಾವ ಒಬ್ಬನೇ ಇದ್ದನೋ, ಪಾಳಿ ಇತ್ತೋ?’

ನಮ್ಮಲ್ಲಿ ಉತ್ತರವಿರಲಿಲ್ಲ. ಅಕ್ಕ ಕೇಳಿದ್ದು ರತ್ತು ಅವರ ವಿಷಯ ಅಲ್ಲ ಅಂತ ರಾತ್ರಿ ತಿಳಿಯಿತು.

ಅದಕ್ಕೆ ಗೆಳೆಯರೇ, ಪಾಳಿ ಹಚ್ಚೋಣ. ರಜೆಗೆ ಊರಿಗೆ ಹೋದಾಗ ಮನೆಯಲ್ಲಿ ಹೊರಳಿಸುವ, ಉಣಿಸುವ, ತೊಳೆಯುವ ಕೆಲಸ ಕಲಿಯಿರಿ. ಗಂಡುಹುಡುಗರು ಮೊದಲು ಕಲಿಯಿರಿ. ಕೇರಿಯಲ್ಲಿ ಮನೆಯೊಳಗೇ ಉಳಿದವರು ಎಷ್ಟು ಮಂದಿ, ಅವರನ್ನು ನೋಡಿಕೊಳ್ಳುವವರು ಯಾರು, ಎರಡೂ ಹೆಸರು ಬರೆದು ತನ್ನಿರಿ. ಪಂಚಾಯ್ತಿಯಲ್ಲಿ ಪುನರ್ವಸತಿ ಕಾರ್ಯಕರ್ತರು ಯಾರು ಅಂತ ಕೇಳಿರಿ. ಅಂಗವಿಕಲರಿಗೆ ಮೀಸಲಿಟ್ಟ ಶೇ. 5ರ ಹಣ ಎಲ್ಲಿ ಖರ್ಚಾಯಿತು ಅಂತ ಅರ್ಜಿ ಹಾಕಿರಿ. ಗುರುತಿನ ಚೀಟಿಗೆ ಓಡಾಡುವವರ ಜೊತೆ ಒಬ್ಬರಾದರೂ ಹೋಗಿರಿ. ಚಹದಂಗಡಿಯಲ್ಲಿ ಕೂರಬೇಡಿರಿ.

ಮುಂದಿನ ಸಭೆ ನೆಲದ ಮೇಲೆ, ಬೇವಿನ ಮರದ ಕೆಳಗೆ. ಅಕ್ಕ, ತಂಗಿ ಇಬ್ಬರೂ ಬರುತ್ತಾರೆ. ಅವತ್ತು ಮಾತಾಡುವವರು ಅವರು. ತಂಗಿಯ ಮಾತು ನಿಧಾನ. ಕಾಯಬೇಕು.

ಜೈ ಭೀಮ್.