ಸಂಸ್ಕಾರ ತಪ್ಪಿದವರ ದುಃಖ

೨೦೨೧ನೆಯ ಇಸವಿಯ ಮೇ ತಿಂಗಳಲ್ಲಿ ಕೊರೊನಾ ಮಹಾಮಾರಿಗೆ ತಂದೆಯನ್ನು ಕಳೆದುಕೊಂಡ ಭಕ್ತನೊಬ್ಬನು ಕೆಲಕಾಲದ ತರುವಾಯ ಮಠಕ್ಕೆ ಬಂದನು. 'ಬುದ್ಧೀ, ಅಪ್ಪನನ್ನು ಚೀಲದಲ್ಲಿ ಸುತ್ತಿ ಒಯ್ದರು. ಕುಳ್ಳಿರಿಸಲಿಲ್ಲ, ವಿಭೂತಿ ಧರಿಸಲಿಲ್ಲ. ಅವರ ಲಿಂಗದ ಕರಡಿಗೆ ನನ್ನ ಕೈಯಲ್ಲೇ ಉಳಿಯಿತು. ಅವರಿಗೆ ಐಕ್ಯವಾಯಿತೇ?' ಎಂದನು. ರಾತ್ರಿ ನಿದ್ರೆಯಿಲ್ಲ, ಪೂಜೆಗೆ ಕುಳಿತರೆ ಆ ಚೀಲವೇ ಕಣ್ಣ ಮುಂದೆ.

ಜೀವಮಾನವೆಲ್ಲ ಕರಸ್ಥಲದಲ್ಲಿ ಲಿಂಗವನ್ನು ಪೂಜಿಸಿದವರ ಐಕ್ಯವು ಕಡೆಯ ಸಂಸ್ಕಾರವಾಗಲಿಲ್ಲವೆಂಬ ಮಾತ್ರಕ್ಕೆ ತಪ್ಪದೆಂದು ಹೇಳಿದೆವು. ಅದು ಸತ್ಯ. ಆದರೆ ಪೂಜೆ ಹೆಚ್ಚಿಸು, ಮನಸ್ಸು ತಾನೇ ತಿಳಿಯಾದೀತೆಂದು ಕಳುಹಿಸಿಬಿಟ್ಟೆವು. ಅದು ನಮ್ಮ ತಪ್ಪು. ತಿಂಗಳೊಳಗೆ ಅವನ ಪತ್ನಿ ಓಡಿಬಂದಳು: 'ಬಾವಿಯ ಬಳಿ ಒಬ್ಬರೇ ಕೂರುತ್ತಾರೆ ಬುದ್ಧೀ, ಬಿಟ್ಟಿರಲು ಭಯ.'

ಅಂದೇ ಜಿಲ್ಲಾಸ್ಪತ್ರೆಯ ಮನೋವೈದ್ಯರಲ್ಲಿಗೆ ಕಳುಹಿಸಿದೆವು. ಮಾತ್ರೆ ನುಂಗಿದರೆ ಭಕ್ತಿಗೆ ಕುಂದೆಂದು ಅವನಿಗೆ ಸಂಕೋಚ. ಜ್ವರಕ್ಕೆ ಔಷಧ ಕುಡಿಯುವಾಗ ಇಲ್ಲದ ಸಂಕೋಚ! ೨೦೨೨ರಿಂದ ಸರ್ಕಾರದ ಟೆಲಿ ಮಾನಸ್ ದೂರವಾಣಿಯೂ ಇದೆ. ೧೪೪೧೬ ಎಂಬ ಸಂಖ್ಯೆಗೆ ಶುಲ್ಕವಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಹೇಳಿಕೊಳ್ಳಬಹುದು. ಇಲ್ಲಿಗೂ ಬನ್ನಿ, ಅಲ್ಲಿಗೂ ಕರೆಮಾಡಿ.

ಆ ಭಕ್ತನಿಗೆ ಈಗ ನಿದ್ರೆ ಬರುತ್ತಿದೆ. ಕಳೆದ ಶ್ರಾವಣದಲ್ಲಿ ಅವನು ತನ್ನ ತೋಟದಲ್ಲಿ ಕಟ್ಟಿಸಿದ ಸಮಾಧಿಯಲ್ಲಿ ತಂದೆಯ ಲಿಂಗವನ್ನು ನಾವೇ ಇರಿಸಿ, ವಿಭೂತಿ ಹಚ್ಚಿ ಬಂದೆವು.